ಅದಾರ್: ಖುಷಿ ಜಾಸ್ತಿ ಮಾಡಬೇಕಾದ ತಿಂಗಳು

ಯಹೂದಿಗಳ ಪಂಚಾಂಗದಲ್ಲಿ ಎರಡು ತಿಂಗಳು ಒಂದಕ್ಕೊಂದು ಎದುರುಬದುರು ಕೂತಿವೆ. ಒಂದು ಆವ್, ಇನ್ನೊಂದು ಅದಾರ್. ಆವ್ ಬರುವುದು ಜುಲೈ, ಆಗಸ್ಟ್ ಹೊತ್ತಿಗೆ. ಜೆರುಸಲೇಮಿನ ದೇವಾಲಯ ಎರಡು ಸಲವೂ ನಾಶವಾದದ್ದು ಆ ತಿಂಗಳಲ್ಲೇ ಅಂತ ಅವರು ನೆನೆಯುತ್ತಾರೆ. ಅದಾರ್ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಹೆಚ್ಚುಕಮ್ಮಿ ನಮ್ಮ ಫಾಲ್ಗುಣದ ಜೊತೆ. ಆವ್ ಬಂದಾಗ ಸಂತೋಷ ಕಡಿಮೆ ಮಾಡುವ ಹಾಗೆಯೇ ಅದಾರ್ ಬಂದಾಗ ಸಂತೋಷ ಜಾಸ್ತಿ ಮಾಡಬೇಕು ಅಂತ ತಾಲ್ಮೂದಿನಲ್ಲಿ ಒಂದು ಮಾತಿದೆ. ತಾಲ್ಮೂದ್ ಅಂದರೆ ಅವರ ಹಳೆಯ ಗುರುಗಳ ಚರ್ಚೆ, ಕತೆ, ವಾದ, ಜಗಳ ಎಲ್ಲ ಸೇರಿದ ದೊಡ್ಡ ಗ್ರಂಥ.

ಕಡಿಮೆ ಮಾಡುವುದು ಹೇಗೆ ಅನ್ನುವುದಕ್ಕೆ ಬೇಕಾದಷ್ಟು ನಿಯಮಗಳಿವೆ. ಆವ್ ಹುಟ್ಟಿದ ಕೂಡಲೇ ಮಾಂಸ ನಿಲ್ಲುತ್ತದೆ, ವೈನ್ ನಿಲ್ಲುತ್ತದೆ. ಮದುವೆ ಇಲ್ಲ. ಒಂಬತ್ತನೇ ದಿನ ನೀರೂ ಮುಟ್ಟದ ಉಪವಾಸ, ನೆಲದ ಮೇಲೆ ಕೂತು ಶೋಕದ ಹಾಡು ಓದುವುದು. ಜಾಸ್ತಿ ಮಾಡುವುದು ಹೇಗೆ? ಅದನ್ನು ಯಾರೂ ಬರೆದಿಡಲಿಲ್ಲ. 16ನೇ ಶತಮಾನದಲ್ಲಿ ಯೋಸೆಫ್ ಕಾರೋ ಎಂಬ ಪಂಡಿತರು ನಿತ್ಯದ ಆಚಾರಗಳನ್ನೆಲ್ಲ ಒಟ್ಟುಮಾಡಿ ಶುಲ್ಖಾನ್ ಆರೂಖ್ ಬರೆದರು. ಚಪ್ಪಲಿ ಯಾವ ಕಾಲಿಗೆ ಮೊದಲು ಹಾಕಬೇಕು ಅನ್ನುವುದನ್ನೂ ಬಿಡದ ಪುಸ್ತಕ ಅದು. ಅದರಲ್ಲಿ ಆವ್‌ನ ಮಾತು ಇದೆ, ಅದಾರ್‌ನ ಮಾತು ಇಲ್ಲ.

ತಾಲ್ಮೂದಿನಲ್ಲಿ ರಾವ್ ಪಾಪಾ ಎಂಬವರು ಒಂದೇ ಒಂದು ಸಲಹೆ ಕೊಡುತ್ತಾರೆ. ಬೇರೆ ಜನಾಂಗದವನ ಜೊತೆ ಕೋರ್ಟು ಕೇಸು ಇದ್ದರೆ ಆವ್‌ನಲ್ಲಿ ತಪ್ಪಿಸಿಕೋ, ಅದಾರ್‌ನಲ್ಲಿ ಹಾಕಿಸಿಕೋ, ಆಗ ನಿನ್ನ ಗ್ರಹಗತಿ ಚೆನ್ನಾಗಿರುತ್ತದೆ ಅಂತ. ಇದನ್ನು ಓದಿ ನನಗೆ ನಮ್ಮೂರಿನ ಜಾಗದ ತಕರಾರುಗಳೆಲ್ಲ ನೆನಪಾದವು. ಇರಲಿ.

ನಾನು ಉಡುಪಿ ಕಡೆಯವಳು, ಕೆಥೋಲಿಕ್. ಇಸ್ರೇಲಿನ ಟೆಲ್ ಅವೀವ್ ಪಕ್ಕದ ರಮತ್ ಗಾನ್‌ನಲ್ಲಿ ಒಬ್ಬರು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯಿಂದ ಈ ಕೆಲಸಕ್ಕೆ ಬಂದವರು ಇಲ್ಲಿ ಸಾವಿರಗಟ್ಟಲೆ ಇದ್ದಾರೆ, ಊರಲ್ಲಿ ಯಾರಿಗೂ ಇದು ಹೊಸ ವಿಷಯ ಅಲ್ಲ. ನಾವು ನೋಡಿಕೊಳ್ಳುವ ವಯಸ್ಸಾದ ಹೆಂಗಸರನ್ನು ಸಾವ್ತಾ ಅನ್ನುತ್ತೇವೆ, ಅಂದರೆ ಅಜ್ಜಿ. ನಮ್ಮ ಸಾವ್ತಾ ಹುಟ್ಟಿದ್ದು ಪೋಲೆಂಡಿನಲ್ಲಿ. ಯುದ್ಧದಲ್ಲಿ ಯಾರ್‍ಯಾರು ಹೋದರು ಅನ್ನುವುದು ಗೋಡೆಯ ಮೇಲಿನ ಫೋಟೋಗಳಿಂದ ಗೊತ್ತಾಗುತ್ತದೆ. ಬಾಯಿಬಿಟ್ಟು ಹೇಳುವುದು ಕಡಿಮೆ. ಮೊಣಕಾಲು ಎರಡೂ ಹೋಗಿವೆ, ಕಿವಿ ಅರ್ಧ ಹೋಗಿದೆ, ಶುಗರ್ ಇದೆ.

ಇಂಥವರಿಗೆ ಹೋಗಿ "ತಿಂಗಳಿಡೀ ಖುಷಿಯಾಗಿರಿ" ಅಂದರೆ ಹೇಗಿರುತ್ತದೆ? ಅಳು ಅಂದರೆ ಹೇಗೋ ಅಳಬಹುದು. ಹೊಟ್ಟೆ ಖಾಲಿ ಇಟ್ಟು, ದೀಪ ಸಣ್ಣದು ಮಾಡಿ, ನೆಲದ ಮೇಲೆ ಕೂತರೆ ಮನಸ್ಸು ತಾನಾಗಿ ಭಾರವಾಗುತ್ತದೆ. ಖುಷಿಗೆ ಅಂಥ ಸಲೀಸಾದ ದಾರಿ ಇಲ್ಲ ಅಲ್ವಾ?

ಆದರೆ ಸಾವ್ತಾಗೆ ಅದು ಮನಸ್ಸಿಗೆ ಸಂಬಂಧಪಟ್ಟ ವಿಷಯವೇ ಅಲ್ಲ. ಅದಾರ್ ಒಂದನೇ ತಾರೀಕು ಬೆಳಿಗ್ಗೆ ಮಾತ್ರೆ ನುಂಗಿ ಆದ ಮೇಲೆ ಹೇಳುತ್ತಾರೆ, "ಮಾಮಲೆ, ಪೆನ್ನು ತಾ." ಆಮೇಲೆ ಶುರು. ಮೂರನೇ ಮಹಡಿಯ ವಿಧವೆಗೆ ಒಂದು ತಿಂಡಿಬುಟ್ಟಿ, ಎದುರು ಮನೆಯ ಡಾಕ್ಟರ್‌ಗೆ ಒಂದು, ಮಾತು ಬಿಟ್ಟ ನಾದಿನಿಗೆ ಒಂದು. ಕಳೆದ ವರ್ಷ ಯಾರು ಏನು ಕಳಿಸಿದ್ದರು ಎಂಬ ಹಳೆಯ ಪಟ್ಟಿ ಕಪಾಟಿನಿಂದ ಬರುತ್ತದೆ. ಗಸಗಸೆ ಎಷ್ಟು, ದಾನಕ್ಕೆ ಎತ್ತಿಡುವ ದುಡ್ಡು ಎಷ್ಟು. ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಖುಷಿ ಅಂದರೆ ಮಾಡಬೇಕಾದ ಕೆಲಸಗಳ ಒಂದು ಚೀಟಿ. ಮತ್ತು ಆ ಚೀಟಿಯಲ್ಲಿ ಹೆಚ್ಚಿನವು ಬೇರೆಯವರ ಹೆಸರುಗಳು.

ತಿಂಗಳ ನಡುವೆ, 14ನೇ ದಿನ, ಹುಣ್ಣಿಮೆಯ ಹೊತ್ತಿಗೆ ಬರುವ ಪುರಿಮ್ ಹಬ್ಬಕ್ಕೆ ಈ ಎಲ್ಲ ಓಡಾಟ. ಪುರಿಮ್‌ನ ಕತೆ ಬೈಬಲಿನ ಎಸ್ತೇರಳ ಪುಸ್ತಕದಲ್ಲಿದೆ. ನಮ್ಮಲ್ಲಿ ಚರ್ಚಿಗೆ ಹೋಗುವವರೂ ಅದನ್ನು ಪೂರ್ತಿ ಓದಿದ್ದು ಕಡಿಮೆ, ಹಾಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಅಹಷ್ವೇರೋಷ ಅಂತ ಪರ್ಷಿಯಾದ ಒಬ್ಬ ರಾಜ. ಭಾರತದಿಂದ ಕೂಷ್ ದೇಶದವರೆಗೆ 127 ಸಂಸ್ಥಾನಗಳನ್ನು ಆಳುತ್ತಿದ್ದ ಎಂದು ಮೊದಲ ವಾಕ್ಯದಲ್ಲೇ ಬರುತ್ತದೆ. ಭಾರತದ ಹೆಸರು ಬಂದ ಕೂಡಲೇ ಮನೆಯವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಾರೆ, ಪ್ರತಿ ವರ್ಷ. ರಾಜನಿಗೆ ಕುಡಿತ, ಮೊಂಡುತನ ಎರಡೂ ಉಂಟು. ರಾಣಿ ಮಾತು ಕೇಳಲಿಲ್ಲ ಅಂತ ಅವಳನ್ನು ಓಡಿಸಿ ಎಸ್ತೇರ್ ಎಂಬ ಅನಾಥ ಹುಡುಗಿಯನ್ನು ರಾಣಿ ಮಾಡಿಕೊಳ್ಳುತ್ತಾನೆ. ಅವಳು ಯಹೂದಿ ಅಂತ ಅವನಿಗೆ ಗೊತ್ತಿಲ್ಲ. ಅವಳನ್ನು ಸಾಕಿದ ಮೊರ್ದೆಕೈ ಮಂತ್ರಿ ಹಾಮಾನನಿಗೆ ಅಡ್ಡಬೀಳುವುದಿಲ್ಲ. ಅಷ್ಟಕ್ಕೇ ಹಾಮಾನ ಇಡೀ ಯಹೂದಿ ಕುಲವನ್ನೇ ಒಂದೇ ದಿನದಲ್ಲಿ ಮುಗಿಸಲು ರಾಜನಿಂದ ಅಪ್ಪಣೆ ಪಡೆಯುತ್ತಾನೆ. ಯಾವ ತಿಂಗಳು, ಯಾವ ದಿನ ಅಂತ ಚೀಟಿ ಎತ್ತುತ್ತಾನೆ. ಅದಾರ್ ಬಂತು, 13ನೇ ದಿನ.

ಅದಾರ್ ಬಂದದ್ದಕ್ಕೆ ಹಾಮಾನನಿಗೆ ಬಹಳ ಖುಷಿಯಾಯಿತಂತೆ. ಯಹೂದಿಗಳನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿದ ಮೋಶೆ ಸತ್ತದ್ದು ಅದಾರ್ 7ರಂದು, ಹಾಗಾಗಿ ಇದು ಇವರಿಗೆ ಕೆಟ್ಟ ತಿಂಗಳು ಎಂದು ಅವನ ಲೆಕ್ಕ. ಮೋಶೆ ಹುಟ್ಟಿದ್ದೂ ಅದೇ 7ರಂದು ಎಂದು ಅವನಿಗೆ ಗೊತ್ತಿರಲಿಲ್ಲ ಅಂತ ತಾಲ್ಮೂದ್ ನಗುತ್ತದೆ. ಇವತ್ತಿಗೂ ಆ ದಿನಕ್ಕೆ ಒಂದು ಗಂಭೀರ ಮುಖ ಇದೆ. ಸಮಾಧಿ ಎಲ್ಲಿದೆ ಎಂದು ಗೊತ್ತಿಲ್ಲದ ಸೈನಿಕರನ್ನು ಇಸ್ರೇಲ್ ನೆನೆಯುವುದು ಅದಾರ್ 7ರಂದು, ಯಾಕೆಂದರೆ ಮೋಶೆಯ ಸಮಾಧಿಯೂ ಯಾರಿಗೂ ಗೊತ್ತಿಲ್ಲ. ಖುಷಿಯ ತಿಂಗಳೊಳಗೆ ಇಂಥ ಒಂದು ದಿನವನ್ನು ಮುಚ್ಚಿಡದೆ ಇಟ್ಟುಕೊಂಡಿರುವುದು ನನಗೆ ಹಿಡಿಸುತ್ತದೆ.

ಮುಂದಿನ ಕತೆ ಸರಸರ ಹೋಗುತ್ತದೆ. ಎಸ್ತೇರ್ ಮೂರು ದಿನ ಉಪವಾಸ ಮಾಡಿ, ಕರೆಯದೆ ರಾಜನೆದುರು ಹೋಗುತ್ತಾಳೆ. ಹಾಗೆ ಹೋದವರಿಗೆ ಮರಣದಂಡನೆ. ರಾಜನನ್ನೂ ಹಾಮಾನನನ್ನೂ ಊಟಕ್ಕೆ ಕರೆಯುತ್ತಾಳೆ. ಆ ರಾತ್ರಿ ರಾಜನಿಗೆ ನಿದ್ದೆ ಬರುವುದಿಲ್ಲ. ನಿದ್ದೆ ಬರಲಿ ಅಂತ ಅರಮನೆಯ ದಾಖಲೆ ಓದಿಸಿದರೆ, ಹಿಂದೆ ತನ್ನ ಜೀವ ಉಳಿಸಿದ ಮೊರ್ದೆಕೈಗೆ ಏನೂ ಕೊಟ್ಟೇ ಇಲ್ಲ ಎಂಬ ಸಾಲು ಸಿಗುತ್ತದೆ. ಅಲ್ಲಿಂದ ಎಲ್ಲ ಉಲ್ಟಾ. ಮೊರ್ದೆಕೈಗೆ ಅಂತ ನಿಲ್ಲಿಸಿದ 50 ಮೊಳದ ಗಲ್ಲಿಗೆ ಹಾಮಾನನೇ ಏರುತ್ತಾನೆ.

ಇವರು ಓದುವ ಹೀಬ್ರೂ ಪುಸ್ತಕದಲ್ಲಿ ದೇವರ ಹೆಸರು ಒಂದು ಕಡೆಯೂ ಇಲ್ಲ. ಸಮುದ್ರ ಸೀಳಲಿಲ್ಲ, ಆಕಾಶದಿಂದ ದನಿ ಬರಲಿಲ್ಲ. ಒಬ್ಬನಿಗೆ ನಿದ್ದೆ ಬರಲಿಲ್ಲ, ಅಷ್ಟೇ. ಈ ತಿಂಗಳ ಒಳಗಿನ ಅರ್ಥವನ್ನು ಅವರು ಹುಡುಕುವುದು ಇಲ್ಲಿಯೇ. ದೇವರು ಮುಖ ಮರೆಸಿಕೊಂಡು ಕಾಕತಾಳೀಯಗಳ ಒಳಗೆ ಕೆಲಸ ಮಾಡುತ್ತಾನೆ, ಅದಕ್ಕೇ ಪುರಿಮ್ ದಿನ ನಾವೂ ವೇಷ ಹಾಕುತ್ತೇವೆ ಎನ್ನುತ್ತಾರೆ. ಸಾವ್ತಾ ಮಾತ್ರ ಇದನ್ನು ಕೇಳಿದರೆ ಕೈ ಬೀಸಿ, "ಪೋಲೆಂಡಿನಲ್ಲಿ ಸ್ವಲ್ಪ ಜಾಸ್ತಿಯೇ ಮರೆಸಿಕೊಂಡ" ಅನ್ನುತ್ತಾರೆ. ಅನ್ನುತ್ತಲೇ ಗಸಗಸೆ ಆರಿಸುತ್ತಾರೆ. ಮಗ ಅದನ್ನು ಕೇಳಿ ಸುಮ್ಮನಾಗುತ್ತಾನೆ. ನನಗೆ ಆ ಮಾತಿನಲ್ಲಿ ಅನುಮಾನವೂ ನಂಬಿಕೆಯೂ ಒಟ್ಟಿಗೇ ಕೇಳಿಸುತ್ತದೆ.

ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ನಡೆದ ಕತೆ ಎಂದು ಒಪ್ಪುವುದಿಲ್ಲ. ಅಹಷ್ವೇರೋಷ ಅಂದರೆ ಒಂದನೇ ಕ್ಸೆರ್ಕ್ಸೆಸ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ ಪ್ರಕಾರ ಅವನ ರಾಣಿ ಅಮೆಸ್ಟ್ರಿಸ್. ಹಾಗಿದ್ದರೂ ಇರಾನಿನ ಹಮದಾನ್ ಪಟ್ಟಣದಲ್ಲಿ ಎಸ್ತೇರ್, ಮೊರ್ದೆಕೈ ಸಮಾಧಿ ಅಂತ ಒಂದು ಗುಮ್ಮಟ ಇದೆ, ಅಲ್ಲಿನ ಯಹೂದಿಗಳು ಈಗಲೂ ಹೋಗಿ ಬರುತ್ತಾರೆ.

ತಿಂಗಳು ಹುಟ್ಟಿದ ದಿನದಿಂದಲೇ ಬೀದಿಯಲ್ಲಿ ಗೌಜಿ ಶುರು. ಶಾಲೆಯ ಗೇಟಿನ ಮೇಲೆ ತಾಲ್ಮೂದಿನ ಅದೇ ಸಾಲು ಬಣ್ಣದ ಕಾಗದದಲ್ಲಿ ಬರುತ್ತದೆ. ಮಕ್ಕಳು ಒಂದು ದಿನ ನೈಟ್ ಡ್ರೆಸ್‌ನಲ್ಲಿ ಶಾಲೆಗೆ ಹೋಗುತ್ತಾರೆ, ಇನ್ನೊಂದು ದಿನ ಟೋಪಿ ಹಾಕಿ. ಟೀಚರ್‌ಗಳೂ ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಜೇನುಹುಳ ಬಂದು ಕೂರುತ್ತದೆ, ಎದುರು ಸೀಟಿನಲ್ಲಿ ಬ್ಯಾಂಕ್ ಮ್ಯಾನೇಜರ್ ಥರದವನು ಕೋಳಿಯ ಜುಟ್ಟು ಹಾಕಿಕೊಂಡು ಮೊಬೈಲ್ ನೋಡುತ್ತಿರುತ್ತಾನೆ. ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ.

ಸಾವ್ತಾಗೆ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರಕ್ಕೆ, ಹೋಗಲು ಆಗುವುದಿಲ್ಲ. ಹೆಂಗಸರೂ ಮೆಗಿಲ್ಲಾ ಕೇಳಲೇಬೇಕು ಅನ್ನುವುದು ನಿಯಮ, ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ. ಮೆಗಿಲ್ಲಾ ಅಂದರೆ ಎಸ್ತೇರಳ ಪುಸ್ತಕದ ಸುರುಳಿ, ಚರ್ಮದ ಮೇಲೆ ಕೈಯಲ್ಲೇ ಬರೆದದ್ದು. ಅದಕ್ಕೆ ಪಕ್ಕದ ಸಿನಗಾಗ್‌ನ ಹುಡುಗನೊಬ್ಬ ಮನೆಗೇ ಬರುತ್ತಾನೆ. ಕಪ್ಪು ಕೋಟು, ಆದರೆ ತಲೆಗೆ ಪೈರೇಟ್ ಟೋಪಿ. ಸುರುಳಿ ಬಿಚ್ಚಿ, ಕಾಗದ ಬಂದಾಗ ಮಡಚುವ ಹಾಗೆ ಮಡಚಿಕೊಂಡು, ರಾಗವಾಗಿ ಓದುತ್ತಾನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ಪದವೂ ತಪ್ಪಬಾರದು. ಹಾಗಾಗಿ ನಾನು ಮೊದಲೇ ಕಿವಿಯ ಮಿಷನ್‌ಗೆ ಹೊಸ ಬ್ಯಾಟರಿ ಹಾಕಿರುತ್ತೇನೆ.

ಹಾಮಾನನ ಹೆಸರು ಬಂದ ಕೂಡಲೇ ಗಲಾಟೆ ಮಾಡಿ ಅದನ್ನು ಅಳಿಸಬೇಕು. ಹೆಸರು 50ಕ್ಕಿಂತ ಜಾಸ್ತಿ ಸಲ ಬರುತ್ತದೆ. ಮಕ್ಕಳಿಗೆ ತಿರುಗಿಸುವ ಗಿರಗಟ್ಟೆ ಇರುತ್ತದೆ, ದೊಡ್ಡವರು ಕಾಲು ಕುಟ್ಟುತ್ತಾರೆ. ಕೆಲವರು ಚಪ್ಪಲಿಯ ಅಡಿಗೆ ಚಾಕ್‌ನಲ್ಲಿ ಹಾಮಾನ ಅಂತ ಬರೆದುಕೊಂಡು ತೇಯುತ್ತಾರೆ. ಸಾವ್ತಾ ವಾಕರ್ ಎತ್ತಿ ನೆಲಕ್ಕೆ ಕುಟ್ಟುತ್ತಾರೆ. ಕಾಲಿನ ರಬ್ಬರ್ ಬುಡ ತೆಗೆದಿಡು ಅಂತ ನನಗೆ ಮೊದಲೇ ಅಪ್ಪಣೆ ಆಗಿರುತ್ತದೆ, ಸದ್ದು ಸರಿಯಾಗಿ ಬರಲಿ ಅಂತ. ಟಕ್, ಟಕ್, ಟಕ್. ಕೆಳಗಿನ ಮನೆಯವರು ಆ ದಿನ ಏನೂ ಹೇಳುವುದಿಲ್ಲ. ಓದುವವನು ಸದ್ದು ಪೂರ್ತಿ ಇಳಿಯುವವರೆಗೆ ಕಾದು ಮುಂದಿನ ಪದ ಹೇಳುತ್ತಾನೆ. ಹಾಮಾನನ ಹತ್ತು ಮಕ್ಕಳ ಹೆಸರು ಬಂದಾಗ ಮಾತ್ರ ಹತ್ತನ್ನೂ ಒಂದೇ ಉಸಿರಿಗೆ ಓದಬೇಕು, ಹತ್ತೂ ಜನ ಒಟ್ಟಿಗೆ ಸತ್ತರು ಅಂತ. ಹುಡುಗ ಉಸಿರು ಎಳೆದುಕೊಳ್ಳುವುದು ಅಡುಗೆಮನೆಗೆ ಕೇಳಿಸುತ್ತದೆ.

ಓದು ಶುರುವಾಗುವ ಮೊದಲು ಒಂದು ತಟ್ಟೆಗೆ ದುಡ್ಡು ಬೀಳುತ್ತದೆ. ದೇವಾಲಯ ಇದ್ದ ಕಾಲದಲ್ಲಿ ಅದಾರ್ ಒಂದರಂದು ಡಂಗುರ ಹೊಡೆದು ತಲೆಗೆ ಅರ್ಧ ಶೇಕೆಲ್ ಎತ್ತುತ್ತಿದ್ದರು. ಶ್ರೀಮಂತ ಅದಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ಅದರ ನೆನಪಿಗೆ ಈಗ ಮೂರು ಅರ್ಧ ನಾಣ್ಯ ಹಾಕಿ, ಅದು ಬಡವರಿಗೆ ಹೋಗುತ್ತದೆ. ಇಸ್ರೇಲಿನಲ್ಲಿ ಅರ್ಧ ಶೇಕೆಲ್ ನಾಣ್ಯ ನಿಜವಾಗಿಯೂ ಚಲಾವಣೆಯಲ್ಲಿದೆ, ಹಾಗಾಗಿ ಈ ವಾರ ತರಕಾರಿ ಅಂಗಡಿಯಿಂದ ಬಂದ ಚಿಲ್ಲರೆಯಲ್ಲಿ ಅವನ್ನೆಲ್ಲ ಹೆಕ್ಕಿ ಒಂದು ಬಾಟಲಿಗೆ ಹಾಕಿಡುವುದು ನನ್ನ ಕೆಲಸ.

ಪುರಿಮ್ ದಿನಕ್ಕೆ ನಾಲ್ಕು ಕರ್ತವ್ಯ. ಮೆಗಿಲ್ಲಾ ಕೇಳುವುದು, ತಿಂಡಿ ಕಳಿಸುವುದು, ಬಡವರಿಗೆ ಕೊಡುವುದು, ಹಬ್ಬದೂಟ. ತಿಂಡಿ ಅಂದರೆ ಕನಿಷ್ಠ ಒಬ್ಬರಿಗೆ, ಕನಿಷ್ಠ ಎರಡು ಬಗೆ, ಹಾಗೇ ಬಾಯಿಗೆ ಹಾಕಿಕೊಳ್ಳುವಂಥದ್ದು. ಕ್ರಿಸ್ಮಸ್‌ಗೆ ನಮ್ಮ ಮನೆಗಳಲ್ಲಿ ತಟ್ಟೆಗೆ ಕುಸ್ವಾರ್ ಹಾಕಿ, ಮೇಲೆ ಒಂದು ಕರ್ಚೀಫು ಮುಚ್ಚಿ ನೆರೆಮನೆಗೆ ಮಕ್ಕಳ ಕೈಲಿ ಕಳಿಸುತ್ತೇವಲ್ಲ, ಪಕ್ಕಾ ಅದೇ. ಇಲ್ಲಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿಯುವ ಮಗು ನಾನೇ. ಕೆಲವು ಬುಟ್ಟಿಗಳು ಒಂದೇ ಕಟ್ಟಡದಲ್ಲಿ ಸುತ್ತು ಹೊಡೆಯುತ್ತವೆ. ನಾವು ಎರಡನೇ ಮಹಡಿಗೆ ಕೊಟ್ಟ ವೇಫರ್ ಪ್ಯಾಕೆಟ್ ಸಂಜೆ ನಾಲ್ಕನೇ ಮಹಡಿಯಿಂದ ನಮಗೇ ಬಂತು. ಸಾವ್ತಾ ನಕ್ಕು ನಕ್ಕು ಕೆಮ್ಮಿದರು.

ಮಾತು ಬಿಟ್ಟ ನಾದಿನಿಗೂ ಹೋಗುತ್ತದೆ ಅಂದೆನಲ್ಲ. ಯಾಕೆ ಜಗಳ ಅಂತ ನಾನು ಕೇಳಿಲ್ಲ. ಹಾಮಾನ ರಾಜನ ಹತ್ತಿರ ಚಾಡಿ ಹೇಳಿದ್ದು, ಚದುರಿಹೋದ, ಒಡೆದುಹೋದ ಒಂದು ಜನ ಇದ್ದಾರೆ ಅಂತ. ಅದಕ್ಕೇ ಈ ದಿನ ಜನ ಒಬ್ಬರಿಗೊಬ್ಬರು ಕಳಿಸಬೇಕು, ಒಡೆದದ್ದನ್ನು ಕೂಡಿಸಬೇಕು ಎಂದು ಗುರುಗಳು ಕಾರಣ ಕೊಡುತ್ತಾರೆ. ನಾದಿನಿಯ ಮನೆಯಿಂದಲೂ ಬುಟ್ಟಿ ಬರುತ್ತದೆ. ಫೋನು ಮಾತ್ರ ಬರುವುದಿಲ್ಲ.

ಬುಟ್ಟಿಯಲ್ಲಿ ಇರಲೇಬೇಕಾದದ್ದು ಮೂರು ಮೂಲೆಯ ತಿಂಡಿ. ಇಲ್ಲಿ ಹಾಮಾನನ ಕಿವಿ ಎನ್ನುತ್ತಾರೆ, ಪೋಲೆಂಡಿನವರು ಹಾಮಾನ್‌ತಾಶ್ ಎನ್ನುತ್ತಾರೆ. ಮೈದಾ ಹಿಟ್ಟನ್ನು ಲಟ್ಟಿಸಿ, ಲೋಟದ ಬಾಯಲ್ಲಿ ಒತ್ತಿ ಬಿಲ್ಲೆ ತೆಗೆದು, ನಡುವೆ ಹೂರಣ ಇಟ್ಟು, ಮೂರು ಕಡೆಯಿಂದ ಎತ್ತಿ ಮೂಲೆ ಚಿವುಟಿ ಓವನ್‌ಗೆ ಹಾಕುವುದು. ಹೂರಣ ಗಸಗಸೆಯದು. ಅರೆದ ಗಸಗಸೆಯನ್ನು ಹಾಲು, ಸಕ್ಕರೆ, ನಿಂಬೆಸಿಪ್ಪೆಯ ಜೊತೆ ಕುದಿಸಿ ಗಟ್ಟಿ ಮಾಡಬೇಕು. ಮೂಲೆ ಬಿಗಿಯಾಗಿ ಚಿವುಟದಿದ್ದರೆ ಓವನ್‌ನಲ್ಲಿ ಬಾಯಿ ಬಿಡುತ್ತದೆ, ಕಪ್ಪು ಹೂರಣ ತಟ್ಟೆಗೆಲ್ಲ ಹರಿದು ಸೀಯುತ್ತದೆ. ಅಂಗಡಿಯಲ್ಲಿ ಚಾಕಲೇಟ್, ಖರ್ಜೂರ ಎಲ್ಲ ಸಿಗುತ್ತದೆ, ಸಾವ್ತಾಗೆ ಅದು ಲೆಕ್ಕಕ್ಕಿಲ್ಲ. ದುಬೈ ದಾರಿಯಲ್ಲಿ ಬರುವ ಹೊಸ ಹುಡುಗಿಯರಿಗೆ ಒಂದು ಮಾತು: ಊರಿಂದ ಗಸಗಸೆ ಮಾತ್ರ ತರಬೇಡಿ ಮಾರಾಯ್ರೇ. ದುಬೈಯಲ್ಲಿ ಅದು ನಿಷೇಧ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಇಲ್ಲಿ ಕಿಲೋಗಟ್ಟಲೆ ಸಿಗುತ್ತದೆ.

ಹಬ್ಬದೂಟ ಎಷ್ಟೇ ದೊಡ್ಡದಾಗಲಿ, ಅದಕ್ಕಿಂತ ಬಡವರ ಪಾಲು ದೊಡ್ಡದಿರಬೇಕು ಎಂದು ಬರೆದವರು ಮೈಮೋನಿಡೀಸ್. 12ನೇ ಶತಮಾನದವರು, ಈಜಿಪ್ಟಿನಲ್ಲಿ ವೈದ್ಯರಾಗಿದ್ದರು. ಬಡವರ, ಅನಾಥರ, ವಿಧವೆಯರ, ಪರಸ್ಥಳದವರ ಮನಸ್ಸಿಗೆ ಖುಷಿ ಕೊಡುವುದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ ಎನ್ನುವುದು ಅವರ ಮಾತಿನ ಸಾರ. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಪುರಿಮ್ ದಿನ ಕೈ ಚಾಚಿದವರಿಗೆ ಕೊಡಬೇಕು, ನಿಜವಾಗಿ ಬಡವರೋ ಅಲ್ಲವೋ ಅಂತ ವಿಚಾರಣೆ ಮಾಡಬಾರದು. ಬೇರೆ ದಿನ ಕೇಳಬಹುದು, ಈ ದಿನ ಇಲ್ಲ. ಸಾವ್ತಾ ನೂರು ಶೇಕೆಲ್ ಚಿಲ್ಲರೆ ಮಾಡಿಸಿ ಕಿಟಕಿ ಹತ್ತಿರ ಕೂರುತ್ತಾರೆ. ಬಾಗಿಲಿಗೆ ಬಂದವರಲ್ಲಿ ಒಬ್ಬ ಒಳ್ಳೆಯ ಬೂಟು ಹಾಕಿದ್ದ. ನಾನು ಸುಮ್ನೆ ಆ ಬೂಟಿನ ಕಡೆ ನೋಡಿದೆ. "ಕಾಲು ನೋಡಬೇಡ, ಕೈ ನೋಡು" ಅಂದರು.

ಕುಡಿತದ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಹಾಮಾನನಿಗೆ ಶಾಪ ಯಾವುದು, ಮೊರ್ದೆಕೈಗೆ ಹಾರೈಕೆ ಯಾವುದು ಅಂತ ಗೊತ್ತಾಗದಷ್ಟು ಕುಡಿಯಬೇಕು ಎಂದು ತಾಲ್ಮೂದಿನಲ್ಲಿ ರಾವಾ ಹೇಳುತ್ತಾರೆ. ಹೇಳಿದ ಬೆನ್ನಿಗೇ ಒಂದು ಕತೆ ಬರುತ್ತದೆ. ರಬ್ಬಾ, ರಬ್ಬಿ ಝೇರಾ ಇಬ್ಬರು ಗುರುಗಳು ಪುರಿಮ್ ಊಟಕ್ಕೆ ಕೂತರು. ಕುಡಿದ ಅಮಲಿನಲ್ಲಿ ರಬ್ಬಾ ಎದ್ದು ರಬ್ಬಿ ಝೇರಾನ ಕತ್ತು ಕೊಯ್ದುಬಿಟ್ಟರು. ಮಾರನೇ ದಿನ ಇಳಿದ ಮೇಲೆ ಪ್ರಾರ್ಥನೆ ಮಾಡಿ ಬದುಕಿಸಿದರು. ಮುಂದಿನ ವರ್ಷ ಮತ್ತೆ ಕರೆದರು, ಬಾರಯ್ಯಾ, ಪುರಿಮ್ ಒಟ್ಟಿಗೆ ಮಾಡೋಣ ಅಂತ. ರಬ್ಬಿ ಝೇರಾ ಅಂದರು, ಪ್ರತಿ ಸಲ ಪವಾಡ ಆಗುವುದಿಲ್ಲ. ನಿಯಮವನ್ನು ಹೇಳಿ, ಪಕ್ಕದಲ್ಲೇ ಅದರ ಕಾಲೆಳೆಯುವ ಈ ಧೈರ್ಯ ಎಷ್ಟು ಗ್ರಂಥಗಳಿಗಿದೆ?

ಆಮೇಲೆ 16ನೇ ಶತಮಾನದಲ್ಲಿ ಪೋಲೆಂಡಿನ ಮೋಶೆ ಇಸ್ಸೆರ್ಲಿಸ್ ಒಂದು ಉಪಾಯ ಹೇಳಿದರು. ದಿನಕ್ಕಿಂತ ಸ್ವಲ್ಪ ಜಾಸ್ತಿ ಕುಡಿ, ಮಲಗಿಬಿಡು. ನಿದ್ದೆಯಲ್ಲಿ ಹಾಮಾನ ಯಾರು, ಮೊರ್ದೆಕೈ ಯಾರು ಅಂತ ಹೇಗೂ ಗೊತ್ತಾಗುವುದಿಲ್ಲ. ನಮ್ಮ ಸಾವ್ತಾ ಪಾಲಿಸುವುದು ಇದನ್ನೇ. ಕಾಲು ಲೋಟ ಸಿಹಿ ವೈನ್, ಡಾಕ್ಟರ್ ಒಪ್ಪಿದಷ್ಟು. ಹತ್ತು ನಿಮಿಷದಲ್ಲಿ ಕುರ್ಚಿಯಲ್ಲೇ ಗೊರಕೆ. ಮಡಿಲಲ್ಲಿ ಮೊಮ್ಮಗಳ ಕಾಗದದ ಕಿರೀಟ. ಧರ್ಮ ಪೂರ್ತಿಯಾಯಿತು.

ನನಗೆ ಮಾತ್ರ ಈ ತಿಂಗಳು ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ಬರುತ್ತದೆ. ನಮ್ಮ ಪಾಸ್ಕ ಹಬ್ಬವೂ (ಈಸ್ಟರ್), ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ನೆನೆಯುವ ಇವರ ಪೆಸಾಖ್ ಹಬ್ಬ ಕೂಡ ವಸಂತದ ಹುಣ್ಣಿಮೆಯ ಲೆಕ್ಕದವು, ಪುರಿಮ್ ಪೆಸಾಖ್‌ಗೆ ಒಂದು ತಿಂಗಳು ಮೊದಲು. ಹಾಗಾಗಿ ಹೆಚ್ಚಿನ ವರ್ಷ ಇಲ್ಲಿ ಓವನ್ ತುಂಬಾ ಸಿಹಿ ಇರುವಾಗ ನಮ್ಮದು ಉಪವಾಸ, ಶಿಲುಬೆಹಾದಿ. 2024ರಲ್ಲಂತೂ ಪುರಿಮ್ ಬಂದದ್ದು ಗರಿಗಳ ಭಾನುವಾರ, ಮಾರ್ಚ್ 24ರಂದೇ. 2025ರಲ್ಲಿ ಮಾರ್ಚ್ 14, ಶುಕ್ರವಾರ. ಅದೇ ದಿನ ನಮ್ಮ ದೇಶದಲ್ಲಿ ಹೋಳಿ. ಶುಕ್ರವಾರ ಸಂಜೆ ಸಬ್ಬತ್, ಅಂದರೆ ಕೆಲಸ ಮಾಡಬಾರದ ವಾರದ ವಿಶ್ರಾಂತಿ ದಿನ, ಶುರುವಾಗುವುದರಿಂದ ಹಬ್ಬದೂಟ ಬೆಳಿಗ್ಗೆಯೇ ಮುಗಿಸಿದರು. ಮೇಜಿನ ಮೇಲೆ ಮಾಂಸವೋ ಮಾಂಸ, ತಪಸ್ಸುಕಾಲದ ಶುಕ್ರವಾರ ಅಂತ ನನ್ನ ತಟ್ಟೆಗೆ ಆಲೂಗಡ್ಡೆ. ಸಾವ್ತಾ ಮಗನಿಗೆ ಹೇಳಿದರು, "ಬಿಡು, ಅವಳದ್ದು ಈಗ ಆವ್."

ಈ ಹಬ್ಬದ ಇನ್ನೊಂದು ಮುಖ ಹೇಳದಿದ್ದರೆ ಆಗುವುದಿಲ್ಲ. 1942ರ ಪುರಿಮ್‌ಗೆ ಪೋಲೆಂಡಿನ ಜ್ದುನ್‌ಸ್ಕಾ ವೋಲಾ ಪಟ್ಟಣದಲ್ಲಿ ನಾಜಿಗಳು ಹತ್ತು ಯಹೂದಿಗಳನ್ನು ಗಲ್ಲಿಗೇರಿಸಿದರು. ಹಾಮಾನನ ಹತ್ತು ಮಕ್ಕಳಿಗೆ ಪ್ರತಿಯಾಗಿ ಹತ್ತು. ಕೊಲ್ಲುವವರಿಗೂ ಈ ಕತೆ ಬಾಯಿಪಾಠ ಇತ್ತು. 1946ರ ಅಕ್ಟೋಬರ್ 16ರಂದು ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೆ ಹೋಗುವಾಗ ಯೂಲಿಯುಸ್ ಸ್ಟ್ರೈಖರ್ ಎಂಬ ನಾಜಿ "ಪುರಿಮ್ ಹಬ್ಬ 1946!" ಅಂತ ಕೂಗಿದ. ಆ ದಿನ ಗಲ್ಲಾದವರೂ ಹತ್ತೇ ಜನ.

ಇಲ್ಲಿ ರಮತ್ ಗಾನ್‌ನವರಿಗೆ ನೆನಪಾಗುವುದು 1991. ಕೊಲ್ಲಿ ಯುದ್ಧದಲ್ಲಿ ಸದ್ದಾಂ ಹುಸೇನ್ ಇಸ್ರೇಲ್ ಮೇಲೆ ಸುಮಾರು 40 ಸ್ಕಡ್ ಕ್ಷಿಪಣಿ ಬಿಟ್ಟ. ಈ ಊರಿಗೂ ಏಟು ಬಿತ್ತು. ವಿಷಾನಿಲದ ಭಯಕ್ಕೆ ಒಂದು ಕೋಣೆಯ ಕಿಟಕಿ ಬಾಗಿಲಿಗೆಲ್ಲ ಪ್ಲಾಸ್ಟಿಕ್, ಟೇಪು ಅಂಟಿಸಿ, ಗ್ಯಾಸ್ ಮಾಸ್ಕ್ ಹಾಕಿಕೊಂಡು ಕೂರುತ್ತಿದ್ದರು. ಯುದ್ಧ ನಿಂತದ್ದು ಫೆಬ್ರವರಿ 28ಕ್ಕೆ, ಪುರಿಮ್ ದಿನ. ಮಾಸ್ಕ್ ತೆಗೆದಿಡಿ, ಟೇಪು ಕೀಳಿ ಅಂತ ರೇಡಿಯೋದಲ್ಲಿ ಬಂತು. ಎಲ್ಲರೂ ಮುಖವಾಡ ಹಾಕುವ ದಿನ ಇಡೀ ದೇಶ ಮುಖವಾಡ ಕಳಚಿತು. ಸಾವ್ತಾ ಇದನ್ನು ಹೇಳುವಾಗ ಟೇಪು ಕಿತ್ತ ಹಾಗೆ ಕೈ ಎಳೆದು ತೋರಿಸುತ್ತಾರೆ. ಕೋಣೆಯ ಚೌಕಟ್ಟಿನಲ್ಲಿ ಬಣ್ಣ ಹೋದ ಗೆರೆ ಇನ್ನೂ ಇದೆ.

ಮೂರು ವರ್ಷದ ನಂತರ, 1994ರ ಫೆಬ್ರವರಿ 25, ಅದೂ ಪುರಿಮ್. ಹೆಬ್ರೋನ್‌ನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಮುಸ್ಲಿಮರನ್ನು ಒಬ್ಬ ಯಹೂದಿ ಡಾಕ್ಟರ್ ಗುಂಡಿಕ್ಕಿ ಕೊಂದ. ಮೆಗಿಲ್ಲಾದ ಒಂಬತ್ತನೇ ಅಧ್ಯಾಯದಲ್ಲಿ ಯಹೂದಿಗಳು ತಮ್ಮ ವೈರಿಗಳಲ್ಲಿ 75,000 ಜನರನ್ನು ಕೊಂದರು ಎಂದಿದೆ. ಲೂಟಿ ಮಾಡಲಿಲ್ಲ ಅಂತಲೂ ಇದೆ. ಇದು ಜೀವ ಉಳಿಸಿಕೊಳ್ಳಲು ಮಾಡಿದ್ದು ಎಂದು ವಿವರಿಸುತ್ತಾರೆ, ಇರಬಹುದು. ಆದರೆ ಪಕ್ಕದವನನ್ನೇ ಹಾಮಾನ ಅಂತ ತೀರ್ಮಾನಿಸುವುದು ಎಷ್ಟು ಸುಲಭ ಅನ್ನುವುದಕ್ಕೆ ಹೆಬ್ರೋನ್ ಸಾಕು. ಆ ಅಧ್ಯಾಯ ಓದುವಾಗ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತದೆ. ಯಾರೂ ಕರೆಯುವುದಿಲ್ಲ.

ಜೆರುಸಲೇಮಿನವರಿಗೆ ಪುರಿಮ್ ಒಂದು ದಿನ ತಡ, 15ಕ್ಕೆ. ರಾಜಧಾನಿ ಶೂಷನ್‌ನಲ್ಲಿ ಕಾಳಗ ಮುಗಿದು ಜನ ಉಸಿರುಬಿಟ್ಟದ್ದು 15ನೇ ದಿನ, ಹಾಗಾಗಿ ಮೋಶೆಯ ನಂತರ ನಾಯಕನಾದ ಯೆಹೋಶುವನ ಕಾಲದಿಂದ ಕೋಟೆ ಗೋಡೆ ಇದ್ದ ಪಟ್ಟಣಗಳು 15ನ್ನೇ ಆಚರಿಸಬೇಕು. 2025ರಲ್ಲಿ ಅದು ಸಬ್ಬತ್ ದಿನ ಬಂದದ್ದರಿಂದ ಜೆರುಸಲೇಮಿನಲ್ಲಿ ಮೂರು ದಿನಕ್ಕೆ ಹರಡಿತು. ಓದು, ದಾನ ಶುಕ್ರವಾರ, ಪ್ರಾರ್ಥನೆ ಶನಿವಾರ, ಊಟ, ಬುಟ್ಟಿ ಭಾನುವಾರ. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗಿಯರು ಪಾತ್ರೆ ತೊಳೆದು ತೊಳೆದು ಸೋತರು.

ಕೆಲವು ವರ್ಷ ಅದಾರ್ ಎರಡು ಸಲ ಬರುತ್ತದೆ. ಚಂದ್ರನ ವರ್ಷ 354 ದಿನ, ಸೂರ್ಯನದ್ದು 365. ಹಾಗೇ ಬಿಟ್ಟರೆ ಪೆಸಾಖ್ ಜಾರುತ್ತಾ ಚಳಿಗಾಲಕ್ಕೆ ಹೋಗುತ್ತದೆ, ಅದು ವಸಂತದಲ್ಲೇ ಬರಬೇಕು ಅಂತ ಶಾಸ್ತ್ರ. ಅದಕ್ಕೆ 19 ವರ್ಷದಲ್ಲಿ 7 ಸಲ ಒಂದು ತಿಂಗಳು ಸೇರಿಸುತ್ತಾರೆ. ಲೆಕ್ಕ ಕೂತು ಮಾಡುವ ಕಾಲಕ್ಕೆ ಮೊದಲು ಗುರುಗಳ ಸಭೆ ಸೇರಿ ತೀರ್ಮಾನಿಸುತ್ತಿತ್ತು. ಮಳೆಗೆ ರಸ್ತೆ, ಸೇತುವೆ ಹಾಳಾಗಿದ್ದರೆ, ಯಾತ್ರೆಯ ಜನ ಬರಲಾಗದಿದ್ದರೆ, ಆಗಲಿ, ಇನ್ನೊಂದು ತಿಂಗಳು ಇರಲಿ ಅಂತ. ನಮ್ಮ ಅಧಿಕಮಾಸವೂ ಇದೇ ಲೆಕ್ಕದ್ದು, ಆದರೆ ಅದು ಬೇರೆ ಬೇರೆ ತಿಂಗಳಿಗೆ ಬರಬಹುದು. ಇಲ್ಲಿ ಯಾವಾಗಲೂ ಅದಾರ್‌ಗೇ. ನಮ್ಮಲ್ಲಿ ಅಧಿಕಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಇಲ್ಲಿ ಹೆಚ್ಚುವರಿ ಬಂದದ್ದು ಖುಷಿಯ ತಿಂಗಳು, ಎರಡೂ ಸೇರಿ ಸುಮಾರು 60 ದಿನ ಅಂತ ಜನ ಇನ್ನಷ್ಟು ಹಿಗ್ಗುತ್ತಾರೆ.

60 ಅಂದರೆ ನನ್ನಂಥವರಿಗೆ ಅಡುಗೆಮನೆಯ ಸಂಖ್ಯೆ. ಇವರಲ್ಲಿ ಮಾಂಸ, ಹಾಲು ಬೆರೆಸುವ ಹಾಗಿಲ್ಲ. ಮಾಂಸದ ಪಾತ್ರೆಗೆ ಕೈತಪ್ಪಿ ಒಂದು ಹನಿ ಹಾಲು ಬಿದ್ದರೆ, ಅದರ 60 ಪಾಲು ಒಳಗೆ ಇದ್ದರೆ ಹನಿ ಲೆಕ್ಕಕ್ಕಿಲ್ಲ, ಅಡುಗೆ ಉಣ್ಣಬಹುದು. ಹಾಗೇ 60 ದಿನದ ಖುಷಿಯಲ್ಲಿ ಕೆಟ್ಟದ್ದೆಲ್ಲ ಕರಗಿ ಇಲ್ಲವಾಗುತ್ತದೆ ಅಂತ ಹಸಿದ್ ಪಂಥದವರು ಹೇಳುತ್ತಾರೆ. ಸಾವ್ತಾಗೆ ಇದು ಒಪ್ಪಿಗೆಯೋ ಇಲ್ಲವೋ ಗೊತ್ತಾಗಲಿಲ್ಲ. "ಪಾತ್ರೆ ಎಷ್ಟು ದೊಡ್ಡದು ಬೇಕು ಹಾಗಾದರೆ" ಅಂತ ಕೇಳಿದರು.

ಮುಂದಿನ ಎರಡು ಅದಾರ್ 2027ರಲ್ಲಿ. ಪುರಿಮ್ ಎರಡನೆಯ ಅದಾರ್‌ನಲ್ಲಿ. ಇದರಿಂದ ಒಂದು ತಮಾಷೆಯೂ ಆಗುತ್ತದೆ. ಮೊದಲ ಅದಾರ್ 25ಕ್ಕೆ ಒಬ್ಬ ಹುಡುಗ, ಎರಡನೇ ಅದಾರ್ 5ಕ್ಕೆ ಇನ್ನೊಬ್ಬ ಹುಟ್ಟಿದ ಅನ್ನಿ. 13 ತುಂಬಿದರೆ ಇಲ್ಲಿ ಹುಡುಗ ದೊಡ್ಡವರ ಲೆಕ್ಕ. ಆ ವರ್ಷ ಅದಾರ್ ಒಂದೇ ಇದ್ದರೆ ಚಿಕ್ಕವನು 5ಕ್ಕೇ ದೊಡ್ಡವನಾಗುತ್ತಾನೆ, ಮೊದಲು ಹುಟ್ಟಿದವನು 25ರವರೆಗೆ ಕಾಯಬೇಕು.

ಪುರಿಮ್ ಮುಗಿದ ಮಾರನೇ ಬೆಳಿಗ್ಗೆಯೇ ಸಾವ್ತಾ ಪುನಃ ಪೆನ್ನು ಕೇಳುತ್ತಾರೆ. ಪೆಸಾಖ್‌ಗೆ ಇನ್ನು ಒಂದೇ ತಿಂಗಳು. ಅಷ್ಟರೊಳಗೆ ಮನೆಯಲ್ಲಿ ಹುಳಿ ಬರುವ ಹಿಟ್ಟಿನದ್ದು ಒಂದು ಚೂರೂ ಉಳಿಯಬಾರದು, ಸೋಫಾ ಸಂದಿಯಲ್ಲೂ. ಬುಟ್ಟಿಗಳಲ್ಲಿ ಬಂದ ಬಿಸ್ಕತ್ತು, ವೇಫರ್, ಹಾಮಾನನ ಕಿವಿ ಎಲ್ಲ ಖಾಲಿಯಾಗಬೇಕು. ಮೊಮ್ಮಕ್ಕಳು ತಿಂದಷ್ಟು ತಿಂದರು, ಉಳಿದದ್ದು ನನ್ನ ಪಾಲು. ನಮ್ಮ ಹುಡುಗಿಯರು ಹೆಚ್ಚಿನವರು ತಪಸ್ಸುಕಾಲಕ್ಕೆ ಸಿಹಿ ಬಿಟ್ಟವರು. ಪಾಸ್ಕ ಹಬ್ಬದವರೆಗೆ ಇಟ್ಟುಕೊಳ್ಳೋಣ ಅಂದರೆ 2025ರಲ್ಲಿ ಪೆಸಾಖ್ ಏಪ್ರಿಲ್ 12ರ ಸಂಜೆಗೇ ಬಂತು, ಪಾಸ್ಕ 20ಕ್ಕೆ. ಕೆಲಸದ ಮನೆಯಲ್ಲಿ ಇಡುವ ಹಾಗಿಲ್ಲ. ಕೊನೆಗೆ ರಜೆಯ ದಿನಕ್ಕೆ ಅಂತ ನಾವೆಲ್ಲ ಸೇರಿ ಬಾಡಿಗೆ ಹಿಡಿದ ಫ್ಲಾಟಿಗೆ ಡಬ್ಬಿ ಹೊತ್ತುಕೊಂಡು ಹೋದೆ. ಮುಚ್ಚಳದ ಮೇಲೆ ಪಾಸ್ಕ ಅಂತ ಬರೆದು ಫ್ರಿಜ್ಜಿನ ಮೇಲೆ ಇಟ್ಟೆ. ಎರಡನೇ ವಾರ ಹೋಗಿ ನೋಡಿದರೆ ಡಬ್ಬಿ ಅರ್ಧ ಆಗಿತ್ತು. ಯಾರು ಅಂತ ಕೇಳಿದರೆ ಎಲ್ಲರೂ ಹಾಮಾನನ ಹೆಸರು ಹೇಳಿದರು.